ನಾಗಾನೊ ಜನ ಉಪ್ಪು ಕಡಿಮೆ ಮಾಡಿದ್ದು ಹೇಗೆ?



ಜಪಾನಿನಲ್ಲಿ ಜನ ಹೆಚ್ಚು ವರ್ಷ ಬದುಕುವ ಪ್ರಾಂತ್ಯ ಯಾವುದು ಗೊತ್ತೇ? 2010ರ ಲೆಕ್ಕದಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ನಾಗಾನೊ ಮೊದಲ ಸ್ಥಾನದಲ್ಲಿತ್ತು. ಆದರೆ 1960ರ ದಶಕದಲ್ಲಿ ಅಲ್ಲಿ ಪಾರ್ಶ್ವವಾಯುವಿನಿಂದ ಸಾಯುವವರು ತುಂಬಾ ಜನರಿದ್ದರು.

ನಾಗಾನೊ ಬೆಟ್ಟಗಳ ನಾಡು. ಹಿಮ ಬೀಳುವ ತಿಂಗಳುಗಳಲ್ಲಿ ಹಸಿ ತರಕಾರಿ ಸಿಗುತ್ತಿರಲಿಲ್ಲ. ನಮ್ಮೂರಲ್ಲಿ ಮಳೆಗಾಲಕ್ಕೆಂದು ಉಪ್ಪಿನಕಾಯಿ, ಸಂಡಿಗೆ ಮಾಡಿಡುವಂತೆ ಅಲ್ಲಿನವರು ನೊಜವಾನಾ ಸೊಪ್ಪನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು. ಜೊತೆಗೆ ದಿನವೂ ಮಿಸೊ ಸಾರು. ಉಪ್ಪು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಮನೆಯೊಳಗಿನ ಚಳಿಯೂ ಅದನ್ನು ಏರಿಸುತ್ತದೆ. ಅಂದರೆ ಹವೆ, ಮನೆ, ಅಡುಗೆ ಎಲ್ಲವೂ ಸೇರಿ ನಮ್ಮ ಆರೋಗ್ಯವನ್ನು ರೂಪಿಸುತ್ತವೆ. ಬರೀ ಮಾತ್ರೆ ಕೊಟ್ಟರೆ ಇದು ಸರಿಹೋಗುವುದಿಲ್ಲ.

1945ರಲ್ಲಿ ಸಾಕು ಎಂಬ ಊರಿನ ಆಸ್ಪತ್ರೆಗೆ ಡಾಕ್ಟರ್ ವಕತ್ಸುಕಿ ತೊಶಿಕಾಜು ಬಂದರು. ರೋಗಿಗಳು ಬರಲಿ ಎಂದು ಕಾಯದೆ ಅವರೇ ಹಳ್ಳಿಗಳಿಗೆ ಹೋದರು. ಭಾಷಣ ಮಾಡಿದರೆ ಯಾರು ಕೇಳುತ್ತಾರೆ? ಅದಕ್ಕೆ ಆಸ್ಪತ್ರೆಯವರೇ ವೇಷ ಹಾಕಿ ನಾಟಕ ಆಡಿ ಆರೋಗ್ಯದ ವಿಷಯ ತಿಳಿಸಿದರು. 1959ರಿಂದ ಯಾಚಿಹೊ ಹಳ್ಳಿಯಲ್ಲಿ ಇಡೀ ಊರಿಗೇ ಆರೋಗ್ಯ ತಪಾಸಣೆ ಶುರುವಾಯಿತು. 1976ರಲ್ಲಿ ವಕತ್ಸುಕಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ವೈದ್ಯರಷ್ಟೇ ಅಲ್ಲ, ಊರಿನ ಹೆಂಗಸರೂ ಕೈಜೋಡಿಸಿದರು. ಇವರಿಗೆ 'ಹೊಕೆನ್ ಹೊದೋಯಿನ್' ಎಂದು ಹೆಸರು. ಸಂಬಳವಿಲ್ಲದ ಆರೋಗ್ಯ ಸೇವಕಿಯರು ಎನ್ನಬಹುದು. ಮನೆಮನೆಗೆ ಹೋಗಿ ಮಿಸೊ ಸಾರಿನ ಉಪ್ಪನ್ನು ಅಳೆದು, ಕಡಿಮೆ ಉಪ್ಪಿನ ಅಡುಗೆ ಕಲಿಸಿದರು. ಪಕ್ಕದ ಮನೆಯ ಅಕ್ಕ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಲ್ಲವೇ?

ಈಗ ನಮ್ಮ ಮನೆಗಳಿಗೆ ಬರೋಣ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಕಪ್ ರಾಮೆನ್‌ನ ಸೂಪನ್ನೆಲ್ಲ ಕುಡಿದರೆ ಹೆಚ್ಚುಕಡಿಮೆ ಅಷ್ಟೂ ಮುಗಿಯಿತು! ಪೊಟ್ಟಣದ ಮೇಲೆ 'ಶೊಕುಎನ್ ಸೋತೋರ್ಯೋ' ಎಂದು ಬರೆದಿರುವ ಕಡೆ ಉಪ್ಪಿನ ಲೆಕ್ಕ ಇರುತ್ತದೆ.

ನಮ್ಮಲ್ಲಿ ಎಷ್ಟೋ ಅಮ್ಮ, ಅಪ್ಪಂದಿರಿಗೆ, ಊರಿಂದ ಬರುವ ಅಜ್ಜ, ಅಜ್ಜಿಯರಿಗೆ ಕಾಂಜಿ ಓದಲು ಬರುವುದಿಲ್ಲ. ನಗರ ಕಚೇರಿಯಿಂದ ಬರುವ ತಪಾಸಣೆಯ ಪತ್ರ ಲಕೋಟೆಯಲ್ಲೇ ಉಳಿದುಬಿಡುತ್ತದೆ. ಇಲ್ಲೇ ಓದುತ್ತಿರುವ ನಮಗೆ ಅದು ಓದಲು ಬರುತ್ತದೆ. ಗೆಳೆಯರೇ, ಈ ವಾರ ಒಂದು ಪೊಟ್ಟಣ, ಒಂದು ಪತ್ರ ಓದಿ ಹೇಳಿ. ಪೋಷಕರೇ, ನೀವೂ ಕೇಳಿ. ಮನೆಗೊಬ್ಬ ಹೊಕೆನ್ ಹೊದೋಯಿನ್ ಇದ್ದರೆ ಒಳ್ಳೆಯದೇ ತಾನೇ?