ಜೋಲುಬಿದ್ದ ತಂತಿಯೇ ಭದ್ರ

ತಂತಿಗೆ ತೂಗಿಕೊಂಡು ಜಾರುವ ಜಿಪ್‌ಲೈನ್ ಕಂಡವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ: ತಂತಿ ನಡುವೆ ಅಷ್ಟೊಂದು ಜೋಲುಬಿದ್ದಿದೆಯಲ್ಲ, ಇನ್ನಷ್ಟು ಬಿಗಿದು ಕಟ್ಟಬಾರದಿತ್ತೆ? ಬಿಗಿದಷ್ಟೂ ಭದ್ರವೆಂಬ ಈ ನಂಬಿಕೆ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ. ಹಿತ್ತಲಲ್ಲಿ ತಂತಿಯನ್ನು ಎಳೆದು ಬಿಗಿದು ಒದ್ದೆ ಸೀರೆ ಹರವಿದರೆ ಗೂಟವೇ ವಾಲುತ್ತದೆ. ಸೀರೆಯ ಭಾರ ನೆಲದತ್ತ, ತಂತಿಯ ಸೆಳೆತ ಅಡ್ಡಡ್ಡ. ಅಡ್ಡ ಸೆಳೆಯುವ ತಂತಿ ಭಾರವನ್ನು ಎತ್ತಿಹಿಡಿಯಬೇಕಾದರೆ ತುಸುವಾದರೂ ಓರೆಯಾಗಲೇಬೇಕು. ಓರೆ ಕಡಿಮೆಯಾದಷ್ಟೂ ಅದೇ ಭಾರಕ್ಕೆ ಸೆಳೆತ ಏರುತ್ತದೆ. 200 ಮೀಟರ್ ಅಂತರದ ಎರಡು ಕಂಬಗಳ ನಡುವೆ 80 ಕಿಲೋ ತೂಕದವರೊಬ್ಬರು ತೂಗುತ್ತಿದ್ದಾರೆ ಎನ್ನೋಣ. ತಂತಿ 10 ಮೀಟರ್ ಇಳಿದಿದ್ದರೆ ಅವರೊಬ್ಬರಿಂದ ಹುಟ್ಟುವ ಸೆಳೆತ ಸುಮಾರು 400 ಕಿಲೋ. ಒಂದೇ ಮೀಟರ್ ಇಳಿಯುವಂತೆ ಬಿಗಿದರೆ ಅದೇ ಮನುಷ್ಯನಿಂದ 4 ಟನ್! ತಂತಿಯ ಸ್ವಂತ ತೂಕ ಇನ್ನೂ ಇದಕ್ಕೆ ಸೇರಿಲ್ಲ.

ಹಾಗಾದರೆ ದಪ್ಪ ತಂತಿ ಹಾಕಿದರಾಯಿತಲ್ಲ ಎನ್ನಬಹುದು. ವ್ಯಾಸ ಎರಡು ಪಟ್ಟಾದರೆ ಬಲದ ಜೊತೆಗೆ ತೂಕವೂ ನಾಲ್ಕು ಪಟ್ಟಾಗುತ್ತದೆ. 12 ಮಿಲಿಮೀಟರಿನ ಉಕ್ಕಿನ ಹಗ್ಗವೇ ಮೀಟರಿಗೆ ಅರ್ಧ ಕಿಲೋಗಿಂತ ಹೆಚ್ಚು ತೂಗುತ್ತದೆ. ಅಲ್ಲದೆ ತಂತಿ ತಾಳಿದರೆ ಸಾಲದು. ಆ ಸೆಳೆತವನ್ನೆಲ್ಲ ಕೊನೆಗೆ ಹೊರುವುದು ಕಂಬ, ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಕಟ್ಟು, ಬುಡದ ಮಣ್ಣು. ಮರಕ್ಕೆ ಕಟ್ಟಿದ್ದರೆ ಆ ಮರದ ಬೇರು. ಇಷ್ಟು ದಿನ ಏನೂ ಆಗಿಲ್ಲ, ಇನ್ನೂ ಆಗುವುದಿಲ್ಲ ಎಂಬ ಮಾತು ಇಲ್ಲಿ ಶುದ್ಧ ಮೂಢನಂಬಿಕೆ. ಉಕ್ಕು ದಣಿಯುತ್ತದೆ, ಎಳೆಗಳು ಒಂದೊಂದಾಗಿ ಹರಿಯುತ್ತವೆ, ಮಳೆಗಾಲದಲ್ಲಿ ಮಣ್ಣು ಸಡಿಲವಾಗುತ್ತದೆ.

ನನಗೆ ಅತ್ಯಂತ ಸೊಗಸೆನಿಸುವುದು ಈ ಜೋಲಿನ ರೇಖಾಗಣಿತ. 200 ಮೀಟರ್ ಅಂತರಕ್ಕೆ ಕಟ್ಟಿದ ತಂತಿ ಕೇವಲ ಒಂದು ಮೀಟರ್ ಹೆಚ್ಚು ಉದ್ದವಿದ್ದರೆ ಸಾಕು, ನಡುವೆ ಭಾರ ತೂಗಿದಾಗ ಅದು 10 ಮೀಟರ್ ಇಳಿಯುತ್ತದೆ. ಒಂದೇ ಸೆಂಟಿಮೀಟರ್ ಹೆಚ್ಚಿದ್ದರೂ ಒಂದು ಮೀಟರ್ ಇಳಿಯುತ್ತದೆ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ 20 ಡಿಗ್ರಿ ವ್ಯತ್ಯಾಸವಿದ್ದರೆ ಅಷ್ಟುದ್ದದ ಉಕ್ಕು ಸುಮಾರು 5 ಸೆಂಟಿಮೀಟರ್ ಹಿಗ್ಗಿ ಕುಗ್ಗುತ್ತದೆ. ಧಾರಾಳವಾಗಿ ಜೋಲುಬಿಟ್ಟ ತಂತಿಗೆ ಅದು ದೊಡ್ಡ ಮಾತಲ್ಲ. ಬಿಗಿದ ತಂತಿಗೆ ಕುಗ್ಗಲು ಜಾಗವೇ ಇರುವುದಿಲ್ಲ, ಅದು ಕಂಬಗಳನ್ನು ಇನ್ನಷ್ಟು ಜಗ್ಗುತ್ತದೆ. ಇನ್ನು ಜಾರುವವರನ್ನು ಹೊತ್ತ ರಾಟೆ ತಂತಿಯ ಮೇಲೆ ಸಾಗುವ ದಾರಿ. ರಾಟೆ ಎಲ್ಲಿದ್ದರೂ ಅದರಿಂದ ಎರಡು ಕಂಬಗಳಿಗಿರುವ ದೂರಗಳ ಮೊತ್ತವೆಂದರೆ ತಂತಿಯ ಉದ್ದ, ಅದು ಬದಲಾಗುವುದಿಲ್ಲ. ಎರಡು ಮೊಳೆ ಹೊಡೆದು ದಾರ ಸುತ್ತಿ ದೀರ್ಘವೃತ್ತ ಬರೆಯುವುದನ್ನು ಶಾಲೆಯಲ್ಲಿ ಕಲಿತವರಿಗೆ ಇದು ಥಟ್ಟನೆ ಹೊಳೆದೀತು. ತಂತಿಯ ತೂಕವನ್ನೂ ಹಿಗ್ಗನ್ನೂ ಬದಿಗಿಟ್ಟರೆ ಜಿಪ್‌ಲೈನಿನಲ್ಲಿ ಜಾರುವ ಪ್ರತಿಯೊಬ್ಬರೂ ಸಾಗುವುದು ದೀರ್ಘವೃತ್ತದ ಒಂದು ಕಂಸದ ಮೇಲೆ. ಅದರ ನಾಭಿಗಳು ಆ ಎರಡು ಕಂಬಗಳ ತುದಿಗಳು. ಸೂರ್ಯನನ್ನು ಸುತ್ತುವ ಗ್ರಹಗಳಿಗೆ ಕೆಪ್ಲರ್ ಕಂಡುಕೊಟ್ಟ ವಕ್ರರೇಖೆಯೂ ಇದೇ!

ಈ ಕಂಸವೇ ಮೊದಲ ಬ್ರೇಕು ಕೂಡ. ಹೊರಡುವಾಗ ಕಡಿದಾದ ಇಳಿಜಾರು, ಮುಂದೆ ಸಮತಟ್ಟು, ಕೊನೆಯಲ್ಲಿ ಸಣ್ಣ ಏರು. ಆ ಏರಿನಲ್ಲಿ ವೇಗ ತಾನಾಗಿ ಕರಗುತ್ತದೆ. ಆದರೆ ಹಗುರ ಮಗು ನಡುವೆಯೇ ನಿಂತುಬಿಟ್ಟರೆ, ದಡೂತಿ ದೇಹ ರಭಸದಿಂದ ಬಂದು ಅಪ್ಪಳಿಸಿದರೆ? ಈ ಆಕ್ಷೇಪ ನ್ಯಾಯವಾದದ್ದೇ. ಗಾಳಿಯ ತಡೆ ಮೈಯ ಹರವನ್ನು ನೋಡುತ್ತದೆ, ತೂಕವನ್ನಲ್ಲ. ಹಾಗಾಗಿ ಭಾರವಾದವರನ್ನು ಅದು ಅಷ್ಟಾಗಿ ತಡೆಯಲಾರದು, ಅವರು ಬೇಗ ತಲುಪುತ್ತಾರೆ. ಯುಎಇಯ ಜೆಬೆಲ್ ಜೈಸ್ ಬೆಟ್ಟದಲ್ಲಿ 2018ರಲ್ಲಿ ತೆರೆದ ಜಿಪ್‌ಲೈನ್ 2.8 ಕಿಲೋಮೀಟರಿಗೂ ಉದ್ದ. ಗಂಟೆಗೆ ನೂರು ಕಿಲೋಮೀಟರ್ ಮೀರುವ ಅಂಥ ವೇಗವನ್ನು ಜೋಲೊಂದೇ ಅಡಗಿಸಲಾರದು. ಹಾಗಾಗಿ ಒಳ್ಳೆಯ ವಿನ್ಯಾಸದಲ್ಲಿ ಕೊನೆಯಲ್ಲಿ ಸ್ಪ್ರಿಂಗ್ ಅಥವಾ ಆಯಸ್ಕಾಂತದ ಬ್ರೇಕು, ಅದು ಕೈಕೊಟ್ಟರೆ ಅದನ್ನು ಅವಲಂಬಿಸದ ಇನ್ನೊಂದು ತುರ್ತು ಬ್ರೇಕು ಇರುತ್ತದೆ. ಆಯಸ್ಕಾಂತದ ಮುಂದೆ ಲೋಹದ ತಟ್ಟೆ ಚಲಿಸಿದಾಗ ಅದರಲ್ಲಿ ಸುಳಿವಿದ್ಯುತ್ ಹುಟ್ಟಿ ಚಲನೆಯನ್ನೇ ವಿರೋಧಿಸುತ್ತದೆ, ಉಜ್ಜುವುದಿಲ್ಲ, ಸವೆಯುವುದಿಲ್ಲ. ಜೋಲು ವೇಗವನ್ನು ಮೊದಲೇ ತಗ್ಗಿಸಿದ್ದರೆ ಈ ಬ್ರೇಕುಗಳಿಗೆ ಉಳಿಯುವ ಕೆಲಸ ಕಡಿಮೆ. ಹತ್ತುವ ಮುನ್ನ ತೂಕದ ಯಂತ್ರದ ಮೇಲೆ ನಿಲ್ಲಿಸುವುದೂ, ತೀರಾ ಹಗುರವಿರುವ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದೂ ಈ ಲೆಕ್ಕಕ್ಕಾಗಿಯೇ. ತೂಕ ಹೇಳಲು ಸಂಕೋಚಪಟ್ಟು ಹತ್ತು ಕಿಲೋ ಕಡಿಮೆ ಹೇಳುವವರು ತಮ್ಮ ನಿಲುಗಡೆಯ ಲೆಕ್ಕವನ್ನೇ ತಪ್ಪಿಸುತ್ತಿರುತ್ತಾರೆ.