ಹೊಗೆ ಹೋಗಿ ಆವಿ ಬಂದರೆ ವ್ಯಸನ ಹೋದೀತೆ?

ವ್ಯಸನವು ಒಮ್ಮೆ ಮನೆಯನ್ನು ಹೊಕ್ಕ ಮೇಲೆ ಹೊರಡಲು ಸುಲಭವಾಗಿ ಒಪ್ಪುವುದಿಲ್ಲ. ಒಂದು ವೇಷ ಗುರುತಾದರೆ ಮತ್ತೊಂದು ವೇಷವನ್ನು ತೊಡುತ್ತದೆ. ತಂಬಾಕಿನ ಕಥೆಯೇ ಇದಕ್ಕೆ ಸಾಕ್ಷಿ. ನಶ್ಯವಾಗಿ, ಚುಟ್ಟಾ ಆಗಿ, ಬೀಡಿಯಾಗಿ, ಸಿಗರೇಟಾಗಿ, ಗುಟ್ಕಾ ಆಗಿ ಮನೆಮನೆಗೆ ಬಂದ ಈ ವಸ್ತು ಈಚಿನ ವರ್ಷಗಳಲ್ಲಿ ಬೆಂಕಿಯಿಲ್ಲದ, ಬೂದಿಯಿಲ್ಲದ ಒಂದು ಪುಟ್ಟ ಯಂತ್ರವಾಗಿ ತರುಣರ ಜೇಬನ್ನು ಸೇರಿದೆ. ಅದಕ್ಕೆ ಇ-ಸಿಗರೇಟು ಎಂದೂ ವೇಪ್ ಎಂದೂ ಹೆಸರು.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ವಿದ್ಯೆಗಾಗಿ, ಉದ್ಯೋಗಕ್ಕಾಗಿ ನೆಲೆಸಿದ್ದಾರೆ. ಅಂತಹ ಮಗನೊಬ್ಬನು ದೂರವಾಣಿಯಲ್ಲಿ “ಅವ್ವಾ, ನಾನು ಸಿಗರೇಟು ಬಿಟ್ಟೆ, ಈಗ ಸೇದುವುದು ಬರಿಯ ಆವಿ” ಎಂದು ಹೇಳಿದರೆ ತಾಯಿಯು ಸಂತೋಷಪಡಬೇಕೋ, ಚಿಂತಿಸಬೇಕೋ? ಈ ಪ್ರಶ್ನೆಯನ್ನು ಕೋಪದಿಂದಾಗಲಿ ಕುರುಡು ಮಮತೆಯಿಂದಾಗಲಿ ಬಿಡಿಸಲಾಗದು. ಸತ್ಯವನ್ನು ಎರಡೂ ಕಡೆಯಿಂದ ನೋಡಿ ನಿರ್ಣಯಿಸುವುದೇ ಉಚಿತವೆಂದು ನಾವು ಭಾವಿಸುತ್ತೇವೆ.

ಯಂತ್ರದ ಸ್ವರೂಪ

ಇಂದು ಬಳಕೆಯಲ್ಲಿರುವ ಇ-ಸಿಗರೇಟಿಗೆ ರೂಪ ಕೊಟ್ಟವನು ಚೀನಾ ದೇಶದ ಔಷಧತಜ್ಞ ಹೊನ್ ಲಿಕ್, ಕಾಲ 2003. ಒಂದು ಬ್ಯಾಟರಿ, ಅದರಿಂದ ಕಾಯುವ ಲೋಹದ ಸುರುಳಿ, ಅದರ ಪಕ್ಕದಲ್ಲಿ ಸ್ವಲ್ಪ ದ್ರವ, ಇಷ್ಟೇ ಅದರ ಅಂಗಗಳು. ಆ ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಪದಾರ್ಥಗಳೂ ಹಣ್ಣು, ಪುದೀನ ಮೊದಲಾದ ಪರಿಮಳಗಳೂ ಇರುತ್ತವೆ. ಬಹುಪಾಲು ದ್ರವಗಳಲ್ಲಿ ನಿಕೋಟಿನ್ ಸಹ ಇರುತ್ತದೆ. ಸೇದಿದಾಗ ಸುರುಳಿ ಕಾಯ್ದು ದ್ರವವು ಮಂಜಿನಂತೆ ಏಳುತ್ತದೆ. ಇದನ್ನು ಆವಿಯೆಂದು ಕರೆಯುವುದು ರೂಢಿಯಾಗಿದ್ದರೂ ಇದು ಒಲೆಯ ಮೇಲಿನ ನೀರಿನ ಆವಿಯಲ್ಲ. ರಾಸಾಯನಿಕಗಳ ಅತಿ ಸೂಕ್ಷ್ಮ ಹನಿಗಳ ಸಮೂಹ.

ಒಪ್ಪಬೇಕಾದ ಮಾತು

ಸಿಗರೇಟಿನ ಮುಖ್ಯ ಘಾತುಕತನವಿರುವುದು ಅದರ ಉರಿಯುವಿಕೆಯಲ್ಲಿ. ತಂಬಾಕು ಸುಟ್ಟಾಗ ಹುಟ್ಟುವ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗಬಲ್ಲವು. ಶ್ವಾಸಕೋಶಕ್ಕೆ ಅಂಟುವ ಟಾರ್ ಎಂಬ ಕಪ್ಪು ಜಿಗುಟು, ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿಯುವ ಕಾರ್ಬನ್ ಮಾನಾಕ್ಸೈಡ್, ಇವೆರಡೂ ದಹನದ ಸಂತಾನಗಳು. ಇ-ಸಿಗರೇಟಿನಲ್ಲಿ ದಹನವಿಲ್ಲ. ಆದುದರಿಂದ ಸಿಗರೇಟನ್ನು ಪೂರ್ಣವಾಗಿ ತ್ಯಜಿಸಿ ಇದಕ್ಕೆ ಬದಲಾದವನ ದೇಹಕ್ಕೆ ವಿಷಗಳ ಹೊರೆ ಬಹುಮಟ್ಟಿಗೆ ತಗ್ಗುತ್ತದೆ. ಇದನ್ನು ನಾವು ಮರೆಮಾಚಬಾರದು.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯು 2015ರಲ್ಲಿ ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇಕಡಾ 95ರಷ್ಟು ಕಡಿಮೆ ಅಪಾಯಕಾರಿ ಎಂದು ಹೇಳಿತು. ಅದು ತಜ್ಞರ ಅಂದಾಜೇ ಹೊರತು ಅಳತೆಯ ಫಲವಲ್ಲವೆಂದು ಅನೇಕ ವೈದ್ಯರು ಆಕ್ಷೇಪಿಸಿದರು. ಆದರೂ ಆ ದೇಶದ ಸರಕಾರವು 2023ರಲ್ಲಿ ಹತ್ತು ಲಕ್ಷ ಧೂಮಪಾನಿಗಳಿಗೆ ಸಿಗರೇಟಿನ ಬದಲು ಈ ಯಂತ್ರವನ್ನು ಒದಗಿಸುವ ಯೋಜನೆಯನ್ನು ಪ್ರಕಟಿಸಿತು.

ಒಂದು ಪರೀಕ್ಷೆಯ ಪಾಠ

ಅದೇ ದೇಶದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗವು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಧೂಮಪಾನ ಬಿಡಲು ಬಂದ 886 ಜನರಲ್ಲಿ ಒಂದು ಗುಂಪಿಗೆ ಇ-ಸಿಗರೇಟನ್ನೂ ಮತ್ತೊಂದು ಗುಂಪಿಗೆ ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ ಮೊದಲಾದ ಔಷಧರೂಪಗಳನ್ನೂ ಕೊಡಲಾಯಿತು. ಇಬ್ಬರಿಗೂ ಆಪ್ತಸಲಹೆಯ ನೆರವಿತ್ತು. ಒಂದು ವರ್ಷದ ಬಳಿಕ ಸಿಗರೇಟಿನಿಂದ ದೂರ ಉಳಿದವರು ಮೊದಲ ಗುಂಪಿನಲ್ಲಿ ಶೇಕಡಾ 18, ಎರಡನೆಯ ಗುಂಪಿನಲ್ಲಿ ಶೇಕಡಾ 9.9. ಇಷ್ಟನ್ನೇ ಕೇಳಿದರೆ ಯಂತ್ರವೇ ಗೆದ್ದಿತೆನ್ನಬೇಕು.

ಆದರೆ ಅದೇ ಪ್ರಯೋಗದ ಮತ್ತೊಂದು ಅಂಕಿಯನ್ನು ಗಮನಿಸಬೇಕು. ಹೀಗೆ ಸಿಗರೇಟು ಬಿಟ್ಟವರಲ್ಲಿ, ಇ-ಸಿಗರೇಟಿನ ಗುಂಪಿನ ಶೇಕಡಾ 80 ಜನ ಒಂದು ವರ್ಷವಾದರೂ ಆ ಯಂತ್ರವನ್ನು ಕೆಳಗಿಟ್ಟಿರಲಿಲ್ಲ. ಔಷಧರೂಪಗಳನ್ನು ಬಳಸಿದವರಲ್ಲಿ ಅವುಗಳಿಗೆ ಇನ್ನೂ ಅಂಟಿಕೊಂಡಿದ್ದವರು ಶೇಕಡಾ 9 ಮಾತ್ರ. ಹೊಗೆಯಿಂದ ಬಿಡುಗಡೆ ದೊರೆತವರು ಹೆಚ್ಚು. ಆದರೆ ಅವರಲ್ಲಿ ನಿಕೋಟಿನ್ ಸಂಕೋಲೆಯಿಂದಲೂ ಬಿಡುಗಡೆ ಪಡೆದವರು ವಿರಳ. ಹಳೆಯ ಸಾಲವನ್ನು ತೀರಿಸಲು ಹೊಸ ಸಾಲ ಮಾಡಿದಂತಾಯಿತು. ಬಡ್ಡಿ ಕಡಿಮೆಯಿರಬಹುದು, ಋಣ ತೀರಲಿಲ್ಲ.

ಆವಿಯ ಅಪಾಯಗಳು

ನಿಕೋಟಿನ್ ಸೇದಿದ ಹತ್ತಿಪ್ಪತ್ತು ಕ್ಷಣಗಳಲ್ಲಿಯೇ ಮೆದುಳನ್ನು ಮುಟ್ಟುತ್ತದೆ. ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಮಾನವನ ಮೆದುಳು ಸುಮಾರು 25ನೆಯ ವಯಸ್ಸಿನವರೆಗೆ ಬೆಳೆಯುತ್ತಿರುವುದರಿಂದ ಹದಿಹರೆಯದವರ ಏಕಾಗ್ರತೆಗೂ ಕಲಿಕೆಗೂ ಅದು ವಿಶೇಷವಾಗಿ ಹಾನಿಕರ. ಗರ್ಭಿಣಿಯರಿಗಂತೂ ಸಲ್ಲದು. ಕೆಲವು ಯಂತ್ರಗಳ ಮಂಜಿನಲ್ಲಿ ಸುರುಳಿಯಿಂದ ಬಂದ ನಿಕ್ಕಲ್, ಕ್ರೋಮಿಯಂ, ಸೀಸದ ಅಂಶಗಳು ಕಂಡುಬಂದಿವೆ. ಮನೆಯಲ್ಲಿಟ್ಟ ದ್ರವದ ಸೀಸೆಯನ್ನು ಕೂಸು ಬಾಯಿಗಿಟ್ಟರೆ ಪ್ರಾಣಾಪಾಯವೇ ಒದಗಬಹುದು.

ಅಮೆರಿಕದಲ್ಲಿ 2019ರಲ್ಲಿ ಇಂತಹ ಯಂತ್ರಗಳನ್ನು ಸೇದಿದವರಲ್ಲಿ ಹಠಾತ್ತನೆ ಶ್ವಾಸಕೋಶದ ತೀವ್ರ ರೋಗ ಕಾಣಿಸಿಕೊಂಡಿತು. 2020ರ ಫೆಬ್ರವರಿಯ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ಮೃತರಾಗಿದ್ದರು; ಮೃತರ ಸಂಖ್ಯೆ 68. ಗಾಂಜಾದ ಸತ್ವವಿದ್ದ ದ್ರವಗಳಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥವೇ ಬಹುಪಾಲಿಗೆ ಕಾರಣವೆಂದು ಆಮೇಲೆ ತಿಳಿಯಿತು. ಸಾಧಾರಣ ನಿಕೋಟಿನ್ ದ್ರವದ ಮೇಲೆ ಆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಕಳ್ಳಮಾರ್ಗದಿಂದ ಬಂದ ದ್ರವದೊಳಗೆ ಏನಿದೆಯೆಂಬುದು ಸೇದುವವನಿಗೂ ಮಾರುವವನಿಗೂ ತಿಳಿದಿರುವುದಿಲ್ಲವೆಂಬ ಎಚ್ಚರಿಕೆಯನ್ನು ಆ ಘಟನೆ ನೀಡಿತು.

ಇನ್ನೊಂದು ಭ್ರಮೆಯನ್ನೂ ಕಳೆಯಬೇಕಾಗಿದೆ. ಬದಲಾದೆನೆನ್ನುವ ಅನೇಕರು ವಾಸ್ತವದಲ್ಲಿ ಎರಡನ್ನೂ ಸೇದುತ್ತಾರೆ: ಕಚೇರಿಯಲ್ಲಿ ಯಂತ್ರ, ಸಂಜೆ ಗೆಳೆಯರ ಸಂಗಡ ಒಂದೆರಡು ಸಿಗರೇಟು. “ಇಪ್ಪತ್ತು ಇದ್ದದ್ದು ಒಂದಕ್ಕೆ ಇಳಿಯಿತು” ಎಂದು ಸಮಾಧಾನಪಡುತ್ತಾರೆ. 2018ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ, ಇಪ್ಪತ್ತು ಸೇದುವವನಿಗಿರುವ ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಇದ್ದೇ ಇರುತ್ತದೆ. ಹೃದಯದ ಲೆಕ್ಕ ನಮ್ಮ ಅಂಗಡಿಯ ಲೆಕ್ಕದಂತಲ್ಲ.

ಬಿಡುವವರಿಗಾಗಿ ಬಂದದ್ದು, ಹಿಡಿಯುವವರ ಪಾಲಾದದ್ದು

ಹಳೆಯ ಧೂಮಪಾನಿಗಳಿಗೆ ಊರುಗೋಲಾಗಿ ಬಂದ ಈ ವಸ್ತು, ಎಂದೂ ಸಿಗರೇಟು ಮುಟ್ಟದ ಮಕ್ಕಳ ಕೈಗೂ ಹೋಯಿತು. ಅಮೆರಿಕದ ಪ್ರೌಢಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ 2019ರಲ್ಲಿ ಶೇಕಡಾ 27.5ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಇದನ್ನು ಸೇದಿದ್ದರು. ಮುಂದೆ ಆ ಪ್ರಮಾಣ ಬಹಳಷ್ಟು ಇಳಿಯಿತಾದರೂ ಆಗಿದ್ದ ಅನುಭವ ಚಿಕ್ಕದಲ್ಲ. ಈ ಯಂತ್ರವನ್ನು ಧೂಮಪಾನಿಗಳಿಗೆ ತಾನಾಗಿ ಹಂಚಿದ ಬ್ರಿಟನ್ ಸಹ, ಒಮ್ಮೆ ಸೇದಿ ಎಸೆಯುವ ಅಗ್ಗದ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಬೇಕಾಯಿತು.

ನಮ್ಮ ಕರ್ನಾಟಕವು ಇ-ಸಿಗರೇಟಿನ ಮಾರಾಟವನ್ನು 2016ರಲ್ಲಿಯೇ ನಿಷೇಧಿಸಿತ್ತು. ಕೇಂದ್ರ ಸರಕಾರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ, ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿದೆಯ ಮೂಲಕ ದೇಶಾದ್ಯಂತ ಇದರ ತಯಾರಿಕೆ, ಆಮದು, ಸಾಗಾಣಿಕೆ, ಮಾರಾಟ, ಸಂಗ್ರಹ, ಜಾಹೀರಾತುಗಳನ್ನೆಲ್ಲ ನಿಷೇಧಿಸಿತು. ಮಾರಾಟ, ಆಮದು ಮೊದಲಾದ ಅಪರಾಧಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಆದುದರಿಂದ ಪರದೇಶದಿಂದ ಹಬ್ಬಕ್ಕೆ ಬರುವ ಮಗನು ಅದನ್ನು ಪೆಟ್ಟಿಗೆಯಲ್ಲಿ ತರುವುದಾಗಲಿ, ಇಲ್ಲಿನ ತರುಣನು ಮರೆಯಲ್ಲಿ ಕೊಂಡು ಬಚ್ಚಿಡುವುದಾಗಲಿ ಆರೋಗ್ಯದ ಜೊತೆಗೆ ಕಾನೂನಿನ ತೊಡಕನ್ನೂ ಮನೆಗೆ ತಂದಂತೆ.

ಇಲ್ಲಿ ಒಂದು ವಿಪರ್ಯಾಸವಿದೆ. ಕಡಿಮೆ ವಿಷದ ಯಂತ್ರಕ್ಕೆ ನಿಷೇಧ, ಹೆಚ್ಚು ವಿಷದ ಬೀಡಿ-ಸಿಗರೇಟಿಗೆ ಊರೂರಿನ ಗೂಡಂಗಡಿ. ತರುಣರು ಈ ಮಾತನ್ನು ಎತ್ತಿದರೆ ಹಿರಿಯರು ಗದರಿಸಿ ಬಾಯಿ ಮುಚ್ಚಿಸಬಾರದು. ಅದು ನಿಜವಾದ ಮಾತು. ಆದರೆ ಅದರಿಂದ ಬರುವ ನಿರ್ಣಯ ಯಂತ್ರವನ್ನು ಹಿಡಿಯಬೇಕೆಂಬುದಲ್ಲ, ಎರಡನ್ನೂ ಬಿಡಬೇಕೆಂಬುದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8 ಜನ ಒಂದಲ್ಲ ಒಂದು ರೂಪದ ತಂಬಾಕನ್ನು ಬಳಸುತ್ತಿದ್ದರು. ಮಗನ ವೇಪ್ ಕಂಡು ಕೆಂಡವಾಗುವ ತಂದೆಯ ದವಡೆಯಲ್ಲಿ ಹೊಗೆಸೊಪ್ಪು ಇದ್ದರೆ ಆ ಉಪದೇಶ ಯಾರ ಕಿವಿಗೆ ಹೊಕ್ಕೀತು?

ಜೋಳಿಗೆಯ ನೆನಪು

ಶರಣರು ಕುರುಹಿಗೂ ಅರಿವಿಗೂ ಭೇದವನ್ನು ತೋರಿದರು. ಕುರುಹನ್ನು ಬದಲಿಸುವುದು ಸುಲಭ. ಅರಿವು ಬದಲಾಗುವುದು ಕಷ್ಟ. ದೇಹವನ್ನು ಅವರು ಹೇಯವೆಂದು ಬಗೆಯದೆ ದೇವನ ನೆಲೆಯೆಂದು ಕಂಡರು. ಆ ನೆಲೆಯಲ್ಲಿ ಒಡೆಯನಾಗಿ ಕೂರಬೇಕಾದುದು ಅರಿವು, ವ್ಯಸನವಲ್ಲ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1970ರ ದಶಕದಿಂದ ಊರೂರಿಗೆ ಜೋಳಿಗೆ ಹಿಡಿದು ಹೋದುದನ್ನು ಉತ್ತರ ಕರ್ನಾಟಕದ ಹಿರಿಯರು ಇಂದಿಗೂ ನೆನೆಯುತ್ತಾರೆ. ಅವರು ಬೇಡಿದ್ದು ಕಾಳು ಕಾಸುಗಳನ್ನಲ್ಲ, ಜನರ ದುಶ್ಚಟಗಳನ್ನು. ಬೀಡಿ, ಸಿಗರೇಟುಗಳನ್ನು ಅದರೊಳಗೆ ಹಾಕಿ ಪ್ರತಿಜ್ಞೆ ಮಾಡಿ ಮನೆಗೆ ಹೋದವರು ಅನೇಕರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಗೆ ಸಿಗರೇಟಿನ ಪೆಟ್ಟಿಗೆಯನ್ನು ಹಾಕಿ, ಜೇಬಿನಲ್ಲಿ ಯಂತ್ರವನ್ನು ಉಳಿಸಿಕೊಂಡವನು ಅರ್ಧ ದಾರಿ ನಡೆದಿದ್ದಾನೆ. ಉಳಿದರ್ಧ ಬಾಕಿಯಿದೆ.

ಬಿಡುವ ದಾರಿ

ಸಂಕಲ್ಪವೊಂದೇ ಎಲ್ಲರಿಗೂ ಸಾಲದು. ಸಾಲದಿದ್ದರೆ ಅದು ಅವಮಾನವೂ ಅಲ್ಲ. ಬಿಡುವ ದಿನವನ್ನು ಗೊತ್ತುಮಾಡಿ ಮನೆಯವರಿಗೆ ತಿಳಿಸಬೇಕು. ಮನೆಯಲ್ಲಿನ ಬೆಂಕಿಪೆಟ್ಟಿಗೆ, ಬೂದಿಬಟ್ಟಲುಗಳನ್ನು ಹಿಂದಿನ ದಿನವೇ ಕಣ್ಮರೆ ಮಾಡಬೇಕು. ಮೊದಲ ಎರಡು ಮೂರು ದಿನ ಚಡಪಡಿಕೆ, ಸಿಡುಕು, ನಿದ್ರಾಭಂಗಗಳು ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ಅವು ಕ್ರಮೇಣ ತಗ್ಗುತ್ತವೆ. ಸೇದಬೇಕೆಂಬ ಹಂಬಲ ಅಲೆಯಂತೆ ಬಂದು ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳನ್ನು ನೀರು ಕುಡಿದೋ, ನಾಲ್ಕು ಹೆಜ್ಜೆ ನಡೆದೋ, ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ದೀರ್ಘವಾಗಿ ಉಸಿರಾಡಿಯೋ ದಾಟಬೇಕು.

ನಿಕೋಟಿನ್ ಚೂಯಿಂಗ್ ಗಮ್ ಔಷಧದ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಸತತವಾಗಿ ಅಗಿಯಬಾರದು. ಖಾರದ ರುಚಿ ಬರುವವರೆಗೆ ಮೆಲ್ಲಗೆ ಅಗಿದು ಕೆನ್ನೆಯ ಬದಿಗೆ ಇಟ್ಟು, ರುಚಿ ಕುಂದಿದಾಗ ಮತ್ತೆ ಅಗಿಯಬೇಕು. ವೈದ್ಯರ ಸಲಹೆಯಂತೆ ಸೇವಿಸುವ ಮಾತ್ರೆಗಳೂ ಇವೆ. 1800-11-2356 ಎಂಬ ರಾಷ್ಟ್ರೀಯ ಉಚಿತ ದೂರವಾಣಿಯಲ್ಲಿ ತಂಬಾಕು ಬಿಡಲು ಆಪ್ತಸಲಹೆ ಲಭ್ಯವಿದೆ. ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಸಂಸ್ಥೆಗಳಲ್ಲಿಯೂ ಇದಕ್ಕಾಗಿ ಸೇವೆ ಉಂಟು.

ಫಲ ಬಹುಬೇಗ ಕಾಣುತ್ತದೆ. ಕೊನೆಯ ಸಿಗರೇಟಿನ ಇಪ್ಪತ್ತು ನಿಮಿಷಗಳಲ್ಲಿ ಹೃದಯದ ಬಡಿತ ಇಳಿಯತೊಡಗುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ. ಒಮ್ಮೆ ಜಾರಿದವನನ್ನು ಮನೆಯವರು ಹಂಗಿಸಬಾರದು. ಬಿಟ್ಟವರಲ್ಲಿ ಬಹುಮಂದಿ ಹಲವು ಸಲ ಪ್ರಯತ್ನಿಸಿದ ಮೇಲೆಯೇ ಬಿಟ್ಟವರು.

ಇನ್ನು ಆ ತಾಯಿಯ ಪ್ರಶ್ನೆ. ಮಗನು ಕಾನೂನು ಒಪ್ಪುವ ದೇಶದಲ್ಲಿದ್ದು, ಸಿಗರೇಟನ್ನು ಸಂಪೂರ್ಣವಾಗಿ ಬಿಟ್ಟು ಯಂತ್ರಕ್ಕೆ ಬದಲಾಗಿದ್ದರೆ, ಆಕೆ ಅವನನ್ನು ಬೈದು ಮರಳಿ ಸಿಗರೇಟಿನತ್ತ ದೂಡದಿರಲಿ. “ಒಳ್ಳೆಯದು ಮಾಡಿದಿ ಮಗಾ” ಎಂದು ಮೊದಲು ಹೇಳಲಿ. ಅನಂತರ ಮೆಲ್ಲಗೆ “ಇದನ್ನು ಯಾವತ್ತು ಬಿಡತಿ?” ಎಂದು ಕೇಳಲಿ. ಅಲ್ಲಿನ ವೈದ್ಯರ ನೆರವಿನಿಂದ ನಿಕೋಟಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ಒಂದು ದಿನ ಯಂತ್ರವನ್ನೂ ಕೆಳಗಿಡಬಹುದು. ನಮ್ಮ ನಾಡಿನಲ್ಲಿಯೇ ಇರುವವನಿಗಾದರೆ ಆ ನಡುವಣ ನಿಲ್ದಾಣವೇ ಬೇಡ. ನೇರವಾದ ದಾರಿಯೂ ನೆರವೂ ಇಲ್ಲಿಯೇ ಇವೆ. ಎಂದೂ ಸೇದದ ಮಕ್ಕಳಂತೂ ಎರಡರ ಹತ್ತಿರವೂ ಸುಳಿಯದಿರಲಿ.

ಬರುವ ವ್ಯಸನಮುಕ್ತ ದಿನದ ಹೊತ್ತಿಗೆ ನಮ್ಮ ವಾಚಕರ ಮನೆಗಳಲ್ಲಿ ಒಬ್ಬರಾದರೂ ಉಳಿದರ್ಧ ದಾರಿಯನ್ನು ಕ್ರಮಿಸುವಂತಾಗಲಿ. ಅವರ ಉಸಿರು ನಿರ್ಮಲವಾಗಲಿ, ಮನೆಮಂದಿಯ ಮುಖದಲ್ಲಿ ನೆಮ್ಮದಿ ಮೂಡಲಿ ಎಂದು ಹಾರೈಸುತ್ತೇವೆ.