ಕಾಸಿನ ಸರಕ್ಕೆ ತವರು ಯಾವುದು?

ಕುವೆಂಪುನಗರದ ಮದುವೆಮನೆಯಲ್ಲಿ
ಯಾರದೋ ಕೊರಳಲ್ಲಿ ಕಾಸಿನ ಸರ ಕಂಡರೆ,
"ಓ, ಕೇರಳದ ಡಿಸೈನು" ಅಂತೀರಾ?
ಸ್ವಲ್ಪ ತಾಳಿ. ಅದು ನಮ್ಮದೂ ಹೌದು.

ಮೊದಲು ಹೆಸರು ನೋಡಿ.
ಮಲಯಾಳದಲ್ಲಿ ಕಾಸುಮಾಲೆ, ಕನ್ನಡದಲ್ಲಿ ಕಾಸಿನ ಸರ.
"ಕಾಸಿಗೆ ತಕ್ಕ ಕಜ್ಜಾಯ" ಅನ್ನೋ ನಮಗೆ
ಕಾಸು ಹೊರಗಿನ ಮಾತಲ್ಲ.

ಈಗ ಸರವನ್ನೇ ಹತ್ತಿರದಿಂದ ನೋಡಿ.
ಪುಟ್ಟ ಪುಟ್ಟ ಚಿನ್ನದ ಬಿಲ್ಲೆಗಳು,
ಸಾಮಾನ್ಯವಾಗಿ ಅವುಗಳ ಮೇಲೆ ಲಕ್ಷ್ಮಿ.
ಮಾಡಿಗೆ ಹೆಂಚು ಹೊದಿಸಿದ ಹಾಗೆ
ಒಂದರ ಅಂಚು ಇನ್ನೊಂದರ ಮೇಲೆ.

ನಾಣ್ಯ ತೊಡುವ ಅಭ್ಯಾಸ ಬಹಳ ಹಳೆಯದು.
ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ
ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿವೆ.
ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳಲ್ಲಿ
ರಾಜನ ತಲೆಯ ಮೇಲೆ ಎರಡು ತೂತು.
ಯಾಕೆ? ಪೋಣಿಸಿದಾಗ ಮುಖ ನೆಟ್ಟಗೆ ನಿಲ್ಲಲಿ ಅಂತ.
ಕೊಡುವ ದುಡ್ಡೇ ತೊಡುವ ಒಡವೆಯಾಯಿತು.

ಆಮೇಲೆ ಬಂದದ್ದು ಬ್ರಿಟಿಷರ ಸವರನ್, ತೂಕ ಸುಮಾರು 8 ಗ್ರಾಂ.
ಕೇರಳದವರ ಹಾಗೆ ನಮ್ಮ ಕರಾವಳಿಯವರೂ
ಇಂದಿಗೂ ಚಿನ್ನದ ಲೆಕ್ಕ ಹೇಳುವುದು ಅದೇ ತೂಕದ ಪವನಿನಲ್ಲಿ.

"ಹಾಗಾದ್ರೆ ಕೇರಳದ್ದೇ ಅನ್ನೋದು ಏನೂ ಇಲ್ವಾ?"
ಖಂಡಿತ ಇದೆ.
ಹಸಿರು ಬಿಲ್ಲೆಗಳ ಪಾಲಕ್ಕ ಮಾಲೆ,
ಹಾವಿನ ಹೆಡೆಯ ನಾಗಪಡ ತಾಲಿ.
ಅವುಗಳಲ್ಲಿ ಮಲಯಾಳಿ ಅಕ್ಕಸಾಲಿಗರ ಕೈಗುರುತು ಸ್ಪಷ್ಟ.
ಆದರೆ ಕಾಸಿನ ಸರಕ್ಕೆ ಒಂದೇ ತವರಿಲ್ಲ.
ವ್ಯಾಪಾರ ಎಲ್ಲೆಲ್ಲಿ ನಾಣ್ಯ ತಂದಿತೋ,
ಅಲ್ಲೆಲ್ಲ ಹೆಣ್ಣುಮಕ್ಕಳು ಅದನ್ನು ಕೊರಳಿಗೇರಿಸಿದರು.

ಅಜ್ಜಿಯ ಪೆಟ್ಟಿಗೆಯಲ್ಲಿ ಕಾಸಿನ ಸರ ಇದೆಯಾ?
ಹಳೇ ಫ್ಯಾಷನ್ ಅಂತ ಕರಗಿಸಬೇಡಿ.
ಕರಗಿದರೆ ಚಿನ್ನ ಉಳಿಯುತ್ತೆ, ಚರಿತ್ರೆ ಉಳಿಯಲ್ಲ.